ನೀಲಿ ಗಂಟೆಯ ಫಲಕ

ಅಂಚೆಚೀಟಿ, ನಾಣ್ಯ ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಮೆರಿಕದಲ್ಲಿ ಹಳೆಯ ಟೆಲಿಫೋನ್ ಕಂಪೆನಿಗಳ ಫಲಕಗಳಿಗಾಗಿಯೇ ಅಲೆಯುವವರುಂಟು. ಅವರಿಗೆ ಬಲು ಪ್ರಿಯವಾದದ್ದು ಬೆಲ್ ಕಂಪೆನಿಯ ನೀಲಿ ಗಂಟೆ.

1889ರಲ್ಲಿ ಬಂದ ಈ ಗಂಟೆಯೊಳಗೆ ಮೊದಲು ಬರೆದಿದ್ದುದು 'ಲಾಂಗ್ ಡಿಸ್ಟೆನ್ಸ್ ಟೆಲಿಫೋನ್' ಎಂದು. ಆಮೇಲೆ 'ಲೋಕಲ್' ಸೇರಿತು, 1921ರಲ್ಲಿ 'ಬೆಲ್ ಸಿಸ್ಟಂ' ಎಂದಾಯಿತು. ಬರಹ ನೋಡಿಯೇ ಫಲಕದ ಕಾಲ ಊಹಿಸಬಹುದು.

ಅಂಗಡಿಯ ಹೊರಗೆ ಇದೇಕೆ? ಗ್ರಹಾಂ ಬೆಲ್‌ರ ಪೇಟೆಂಟುಗಳ ಅವಧಿ 1893–94ರಲ್ಲಿ ಮುಗಿದದ್ದೇ ತಡ, ಊರೂರಲ್ಲಿ ಹೊಸ ಕಂಪೆನಿಗಳು ಎದ್ದವು. ಒಂದರ ತಂತಿಗೂ ಇನ್ನೊಂದರ ತಂತಿಗೂ ಸಂಬಂಧವಿಲ್ಲ! ಎಷ್ಟೋ ಅಂಗಡಿಯವರು ಎರಡೆರಡು ಫೋನ್ ಇಟ್ಟುಕೊಂಡರು. ಒಳಗಿರುವುದು ಯಾರ ಫೋನು ಎಂದು ಗಿರಾಕಿಗೆ ತಿಳಿಯಬೇಕಲ್ಲ?

ತಗಡಿನ ಮೇಲೆ ಬಣ್ಣದ ಗಾಜಿನ ಪುಡಿ ಹರಡಿ ಕುಲುಮೆಯಲ್ಲಿ ಕರಗಿಸುತ್ತಿದ್ದರು. ಹಾಗಾಗಿ ಬಿಸಿಲು ಮಳೆಗೆ ಅದು ಸುಲಭವಾಗಿ ಮಾಸದು. ಕಲ್ಲೇಟು ಬಿದ್ದರೆ ಚಕ್ಕೆ ಏಳುತ್ತದೆ. 1984ರ ಜನವರಿ 1ರಂದು ಬೆಲ್ ಸಂಸ್ಥೆ ಒಡೆದು ಹೋಳಾಯಿತು. ಈಗ ನಕಲುಗಳೂ ಸಾಕಷ್ಟಿವೆ. ಸ್ಕ್ರೂ ತೂತಿನ ಸುತ್ತ ಸವೆತವೇ ಇಲ್ಲದೆ ಫಳಫಳ ಹೊಳೆಯುವುದನ್ನು ಕಂಡರೆ ನನಗಂತೂ ಅನುಮಾನ.

ನಮ್ಮ ಹಳದಿ ಎಸ್.ಟಿ.ಡಿ. ಬೋರ್ಡುಗಳೂ ಗುಜರಿ ಸೇರಿವೆ. ಮಕ್ಕಳು ಅಂಥದೊಂದನ್ನು ಮನೆಗೆ ಹೊತ್ತು ತಂದರೆ ತಂದೆತಾಯಿಗಳು ಗದರಬೇಡಿ. ಒಂದು ನೋಟ್‌ಬುಕ್ ಕೊಡಿಸಿ, ಯಾವ ಊರು, ಯಾವ ಅಂಗಡಿ, ಯಾರು ಕೊಟ್ಟರು ಎಂದು ಬರೆಸಿ. ಮೇಲೆ ಹೊಸ ಪೇಂಟ್ ಬಳಿಯಲು ಮಾತ್ರ ಬಿಡಬೇಡಿ.