ಕುವೈತ್‌ಗೆ ಹೊರಟವರ ಬೀಗದ ಚಿಂತೆ

2024ರ ಜನವರಿ ಕೊನೆಗೆ ಕುವೈತ್ ಸರ್ಕಾರ, ಬಹುಕಾಲ ತಡೆಹಿಡಿದಿದ್ದ ಕುಟುಂಬ ವೀಸಾವನ್ನು ಮತ್ತೆ ಕೊಡತೊಡಗಿತು. ತಿಂಗಳಿಗೆ ಕನಿಷ್ಠ 800 ದಿನಾರ್ ಸಂಬಳ ಇರುವವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು ಎಂದಾಯಿತು. ಉಡುಪಿ, ಕುಂದಾಪುರ, ಮಂಗಳೂರು, ಮಂಜೇಶ್ವರದ ಮನೆಗಳಲ್ಲಿ ಹೊರಡುವ ತಯಾರಿ ಶುರುವಾದಾಗ ಪ್ರಶ್ನೆಗಳೂ ಶುರುವಾಗುತ್ತವೆ. ಅಲ್ಲಿ ಕಳ್ಳರ ಕಾಟ ಇದೆಯೇ? ಗಂಡ ಕೆಲಸಕ್ಕೆ ಹೋದ ಮೇಲೆ ಮಗು ಕಟ್ಟಿಕೊಂಡು ಒಬ್ಬಳೇ ಇರಬಹುದೇ? ಮದುವೆಯ ಚಿನ್ನ ಒಯ್ಯುವುದೋ, ಇಲ್ಲೇ ಲಾಕರಿನಲ್ಲಿಟ್ಟು ಹೋಗುವುದೋ? ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿಕೊಳ್ಳಲು ಮನೆ ಮಾಲೀಕ ಒಪ್ಪುತ್ತಾನೋ?

ಈ ಪ್ರಶ್ನೆಗಳಲ್ಲಿ ತಪ್ಪೇನಿಲ್ಲ. ಭಾಷೆ ಬಾರದ ಊರು, ಪಕ್ಕದ ಬಾಗಿಲಿನ ಹಿಂದೆ ಯಾರಿದ್ದಾರೆಂದು ತಿಳಿಯದ ಏಳೆಂಟು ಅಂತಸ್ತಿನ ಕಟ್ಟಡ. ಯಾರಿಗಾದರೂ ಎದೆ ಢವಗುಟ್ಟುತ್ತದೆ. ಆದರೆ ಕುವೈತ್‌ನಲ್ಲಿ ಈಚಿನ ವರ್ಷಗಳಲ್ಲಿ ಭಾರತೀಯರು ಏನನ್ನು ಕಳೆದುಕೊಂಡರು, ಹೇಗೆ ಕಳೆದುಕೊಂಡರು ಎಂದು ನೋಡುತ್ತ ಹೋದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಬಾಗಿಲು ಒಡೆದು ಬಂದವರಿಂದ ಆದ ನಷ್ಟಕ್ಕಿಂತ, ಒಳಗಿದ್ದವರು ಹೊರಬರಲಾಗದೆ ಆದ ನಷ್ಟ, ಮೊಬೈಲಿನಲ್ಲಿ ಆದ ನಷ್ಟ, ಕಾಗದಪತ್ರ ಸರಿಯಿಲ್ಲದೆ ಆದ ನಷ್ಟ ಬಹಳ ದೊಡ್ಡದು. ಮನೆಯ ಭದ್ರತೆ ಎಂದರೆ ಬೀಗ ಎಂದಷ್ಟೇ ತಿಳಿದು ಹೊರಟ ಕುಟುಂಬ, ನಿಜವಾದ ಅಪಾಯಕ್ಕೆ ಸಿದ್ಧವಾಗದೆ ವಿಮಾನ ಹತ್ತುತ್ತಿದೆ.

ಹಾಗೆಂದು ಅಪರಾಧವೇ ಇಲ್ಲ ಎಂದು ಧೈರ್ಯ ಹೇಳುವುದು ಸುಳ್ಳಾಗುತ್ತದೆ. 2017ರ ಫೆಬ್ರವರಿಯಲ್ಲಿ ಅಬ್ಬಾಸಿಯಾದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಕೇರಳದ ನರ್ಸ್ ಒಬ್ಬರ ಮೇಲೆ ಫ್ಲ್ಯಾಟಿನ ಬಾಗಿಲ ಬಳಿಯೇ ಚಾಕುವಿನಿಂದ ದಾಳಿ ನಡೆಯಿತು. ಜಲೀಬ್ ಅಲ್ ಶುಯೂಖ್ ಪ್ರದೇಶದ ಅಬ್ಬಾಸಿಯಾ ಮಲಯಾಳಿಗಳೂ ಕನ್ನಡಿಗರೂ ಸೇರಿದಂತೆ ಭಾರತೀಯರು ಒತ್ತಾಗಿ ನೆಲೆಸಿದ ಜಾಗ. ಅಲ್ಲಿನ ನರ್ಸ್‌ಗಳು ಆ ಘಟನೆಯ ನಂತರ ಬಹುದಿನ ಹೆದರಿಕೆಯಲ್ಲೇ ಓಡಾಡಿದರು. ಪೊಲೀಸ್ ಎಂದು ಹೇಳಿಕೊಂಡು ದಾರಿಯಲ್ಲಿ ತಡೆದು, ‘ಬತಾಕಾ ತೋರಿಸು’ ಎಂದು ಪರ್ಸ್ ತೆಗೆಸಿ, ಅದರಲ್ಲಿದ್ದ ದುಡ್ಡು ಕಿತ್ತುಕೊಳ್ಳುವ ಮೋಸವೂ ಅಲ್ಲಿ ಹಳೆಯದು. ಬತಾಕಾ ಎಂದರೆ ಸಿವಿಲ್ ಐಡಿ ಕಾರ್ಡು. ಅದಿಲ್ಲದೆ ಹೊರಗೆ ಕಾಲಿಡುವಂತಿಲ್ಲ ಎಂಬ ಅಂಜಿಕೆಯೇ ಈ ಕಳ್ಳರ ಬಂಡವಾಳ. ಮಫ್ತಿಯಲ್ಲಿ ಬಂದವರಿಗೆ ಮೊದಲು ‘ನಿಮ್ಮ ಗುರುತಿನ ಚೀಟಿ ತೋರಿಸಿ’ ಎನ್ನಬೇಕು, ಪರ್ಸ್ ಅನ್ನು ಯಾರ ಕೈಗೂ ಕೊಡಬಾರದು, ಅನುಮಾನ ಬಂದರೆ 112ಕ್ಕೆ ಕರೆ ಮಾಡಬೇಕು. ಇಷ್ಟನ್ನು ಹೊಸಬರಿಗೆ ಮೊದಲ ವಾರದಲ್ಲೇ ಯಾರಾದರೂ ಹೇಳಿಕೊಡಬೇಕು.

ನರ್ಸ್ ಮೇಲಿನ ದಾಳಿಯನ್ನು ಗಮನಿಸಿದರೂ ಬೀಗವೊಂದೇ ಸಾಲದು ಎಂಬುದು ತಿಳಿಯುತ್ತದೆ. ಬಾಗಿಲಿಗೆ ಎಷ್ಟು ಚಿಲಕ ಇದ್ದವು ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ; ಆಕೆ ಇನ್ನೂ ಹೊರಗಿದ್ದರು. ಅಂಥ ಹೊತ್ತಿನಲ್ಲಿ ಕಾಯುವುದು ಮೆಟ್ಟಿಲ ಬಳಿಯ ದೀಪ, ಎಚ್ಚರವಾಗಿರುವ ಹಾರಿಸ್, ಕೂಗಿದರೆ ಬಾಗಿಲು ತೆರೆಯುವ ನೆರೆಯವರು. ಹಾರಿಸ್ ಎಂದರೆ ಕಟ್ಟಡದ ಕಾವಲುಗಾರ. ಯಾರು ಬಂದರು, ಯಾರು ಹೋದರು, ಯಾವ ಮನೆ ಬೀಗ ಹಾಕಿದೆ ಎಂಬುದೆಲ್ಲ ಅವನಿಗೆ ಗೊತ್ತಿರುತ್ತದೆ. ಮನೆ ನೋಡಲು ಹೋದವರು ಅಡುಗೆಮನೆ ಅಳೆಯುವ ಮುನ್ನ ಅವನನ್ನು ಮಾತಾಡಿಸುವುದು ಒಳ್ಳೆಯದು. ಕುವೈತ್ 2015ರಲ್ಲಿ ಕಣ್ಗಾವಲು ಕ್ಯಾಮೆರಾಗಳ ಬಗ್ಗೆ 61ನೇ ಸಂಖ್ಯೆಯ ಕಾನೂನನ್ನೇ ತಂದಿದೆ. ಕಟ್ಟಡದ ಬಾಗಿಲಲ್ಲಿ ಕ್ಯಾಮೆರಾ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂದು ಕೇಳುವ ಹಕ್ಕು ಬಾಡಿಗೆದಾರರಿಗಿದೆ.

ಇಲ್ಲಿಂದ ಮುಂದೆ ಹೇಳಬೇಕಾದ್ದು ಕಠಿಣವಾದ ಮಾತು. 2024ರ ಜೂನ್ 12ರ ನಸುಕಿನಲ್ಲಿ ಮಂಗಾಫ್‌ನ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಮಾರು 196 ಜನ ಮಲಗಿದ್ದ ಕಟ್ಟಡ ಅದು. ಸತ್ತವರಲ್ಲಿ ಕನಿಷ್ಠ 45 ಜನ ಭಾರತೀಯರು. ಅವರಲ್ಲಿ ಒಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. ಬೆಂಕಿ ಹುಟ್ಟಿದ್ದು ನೆಲ ಅಂತಸ್ತಿನಲ್ಲಿ, ಕಾವಲುಗಾರನ ಕೋಣೆಯ ವಿದ್ಯುತ್ ದೋಷದಿಂದ. ಕೋಣೆಗಳ ನಡುವೆ ಅಡ್ಡಗೋಡೆಯಾಗಿ ಹಾಕಿದ್ದ ಹಲಗೆಗಳು ಹೊತ್ತಿಕೊಂಡವು, ಹೊಗೆ ಮೆಟ್ಟಿಲುಗಳನ್ನೆಲ್ಲ ತುಂಬಿತು. ಕೆಳಗೆ ಇಳಿಯಲಾಗದವರಿಗೆ ಉಳಿದದ್ದು ತಾರಸಿ. ತಾರಸಿಯ ಬಾಗಿಲಿಗೆ ಬೀಗ ಹಾಕಿತ್ತು. ಹೆಚ್ಚಿನವರ ಜೀವ ಹೋದದ್ದು ಉಸಿರುಗಟ್ಟಿ. ಎರಡು ದಿನದ ನಂತರ ವಾಯುಪಡೆಯ ವಿಮಾನ ಶವಗಳನ್ನು ಹೊತ್ತು ಕೊಚ್ಚಿಗೆ ಬಂದಿಳಿದಾಗ ಇಡೀ ದೇಶ ನೋಡಿತು. ಕುವೈತ್ ಸರ್ಕಾರ ಪುರಸಭೆಯ ಅಧಿಕಾರಿಗಳನ್ನು ಅಮಾನತು ಮಾಡಿತು, ನಿಯಮ ಮೀರಿದ ಕಟ್ಟಡಗಳ ತಪಾಸಣೆಗೆ ಇಳಿಯಿತು.

ಅದು ಕಾರ್ಮಿಕರ ವಸತಿಗೃಹ, ಕುಟುಂಬದ ಫ್ಲ್ಯಾಟಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡವರಿಗೆ ಮುಂದಿನ ತಿಂಗಳೇ ಉತ್ತರ ಸಿಕ್ಕಿತು. ಜುಲೈ 19ರ ರಾತ್ರಿ ಅಬ್ಬಾಸಿಯಾದ ಒಂದು ಫ್ಲ್ಯಾಟಿನಲ್ಲಿ ಆಲಪ್ಪುಳ ಕಡೆಯ ದಂಪತಿ ಮತ್ತು ಅವರ ಇಬ್ಬರು ಮಕ್ಕಳು ಹೊಗೆಗೆ ಬಲಿಯಾದರು. ಊರಿನಲ್ಲಿ ರಜೆ ಮುಗಿಸಿ ಅವತ್ತೇ ಬಂದಿದ್ದರು. ಏಸಿಯಲ್ಲಿ ಆದ ಶಾರ್ಟ್ ಸರ್ಕ್ಯೂಟೇ ಕಾರಣ ಎಂದು ವರದಿಯಾಯಿತು.

ಕುವೈತ್‌ನ ಬೇಸಿಗೆ ನಮ್ಮ ರಾಯಚೂರು, ಕಲಬುರಗಿಯ ಬಿಸಿಲನ್ನು ಕಂಡವರಿಗೂ ಊಹೆಗೆ ನಿಲುಕದ್ದು. 2016ರ ಜುಲೈಯಲ್ಲಿ ಅಲ್ಲಿನ ಮಿತ್ರಿಬಾದಲ್ಲಿ ಉಷ್ಣಾಂಶ 54 ಡಿಗ್ರಿಯ ಹತ್ತಿರ ಹೋಗಿತ್ತು; ಜಗತ್ತಿನಲ್ಲಿ ದಾಖಲಾದ ಅತಿ ಹೆಚ್ಚು ಉಷ್ಣಾಂಶಗಳಲ್ಲಿ ಅದೂ ಒಂದು. ಹೀಗಾಗಿ ತಿಂಗಳುಗಟ್ಟಲೆ ಏಸಿ ಹಗಲಿರುಳು ಓಡುತ್ತದೆ. 2024ರ ಜೂನ್‌ನಲ್ಲಿ ಬೇಡಿಕೆ ತಾಳಲಾರದೆ ತೈಲಸಂಪನ್ನ ದೇಶವೇ ಸರದಿಯ ಮೇಲೆ ವಿದ್ಯುತ್ ಕಡಿತ ಮಾಡಬೇಕಾಯಿತು. ಹಳೆಯ ಕಟ್ಟಡ, ಹಳೆಯ ವೈರು, ಒಂದೇ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಹಾಕಿ ಫ್ರಿಜ್ಜು, ಮೈಕ್ರೋವೇವ್, ಹೀಟರ್: ಅಪಾಯ ಕೂತಿರುವುದು ಅಲ್ಲಿ. ಆದ್ದರಿಂದ ಕಳ್ಳರಿಗೆ ಹೆದರಿ ಒಳಗಿನಿಂದ ಬೀಗ ಜಡಿದು ಕೀಲಿಯನ್ನು ಬೀರುವಿನಲ್ಲಿಟ್ಟು ಮಲಗುವ ಅಭ್ಯಾಸವನ್ನು ಊರಲ್ಲೇ ಬಿಟ್ಟು ಹೋಗಬೇಕು. ಒಳಗಿನಿಂದ ಕೀಲಿಯಿಲ್ಲದೆ ಒಂದೇ ತಿರುವಿಗೆ ತೆರೆಯುವ ಬೀಗವೇ ಅಲ್ಲಿಗೆ ಸರಿಯಾದ ಬೀಗ. ಹೊಗೆ ಬಂದರೆ ಕೂಗುವ ಸಣ್ಣ ಅಲಾರಂ ದುಬಾರಿಯಲ್ಲ. ಮೆಟ್ಟಿಲು ಎತ್ತ ಇದೆ, ತಾರಸಿಯ ಕೀಲಿ ಯಾರ ಬಳಿ ಇದೆ ಎಂಬುದನ್ನು ಮನೆಗೆ ಹೋದ ಮೊದಲ ಸಂಜೆಯೇ ಮಕ್ಕಳಿಗೂ ತೋರಿಸಬೇಕು. ಕತ್ತಲಲ್ಲಿ ಕೈತಡವಿಕೊಂಡು ಇಳಿಯುವುದನ್ನು ಒಮ್ಮೆ ಅಭ್ಯಾಸ ಮಾಡಿಸಿದರೂ ಹೆಚ್ಚಲ್ಲ. ರಜೆಗೆ ಊರಿಗೆ ಬಂದು ತಿಂಗಳ ನಂತರ ಹಿಂತಿರುಗಿದವರು, ಪ್ರಯಾಣದ ಆಯಾಸದಲ್ಲಿ ಎಲ್ಲ ಕೋಣೆಯ ಏಸಿ ಹಾಕಿ ಮಲಗುವ ಮುನ್ನ ಒಂದು ಗಂಟೆ ಎಚ್ಚರವಿದ್ದು ನೋಡಿಕೊಳ್ಳಬೇಕು.

ಇನ್ನು ಮೊಬೈಲು. ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ವೀಡಿಯೊ ಕರೆ ಮಾಡಿ, ನಿಮ್ಮ ಬ್ಯಾಂಕ್ ಖಾತೆಯಲ್ಲಿ ತೊಂದರೆಯಿದೆ, ಬತಾಕಾ ಸಂಖ್ಯೆ ಹೇಳಿ, ಈಗ ಬಂದ ಓಟಿಪಿ ಹೇಳಿ ಎನ್ನುತ್ತಾನೆ. ಟ್ರಾಫಿಕ್ ದಂಡ ಬಾಕಿಯಿದೆ ಎಂದು ನಕಲಿ ಕೊಂಡಿಯೊಂದು ಬರುತ್ತದೆ. ಕುವೈತ್‌ನ ಒಳಾಡಳಿತ ಸಚಿವಾಲಯ ಇಂಥದ್ದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದೆ. ಅಲ್ಲಿನ ಕೇಂದ್ರ ಬ್ಯಾಂಕ್ 2021ರಲ್ಲಿ ‘ದಿರಾಯಾ’ ಎಂಬ ಜಾಗೃತಿ ಅಭಿಯಾನವನ್ನೇ ಆರಂಭಿಸಿತು. ಹೊಸಬರು ಇದಕ್ಕೆ ಬೇಗ ಸಿಕ್ಕಿಬೀಳಲು ಕಾರಣವಿದೆ. ಇಕಾಮಾ ಎಂಬ ವಾಸದ ಪರವಾನಗಿ, ವೈದ್ಯಕೀಯ ತಪಾಸಣೆ, ಬೆರಳಚ್ಚು, ವಿಳಾಸ ನೋಂದಣಿ ಎಂದು ಮೊದಲ ತಿಂಗಳುಗಳಲ್ಲಿ ನಿಜವಾದ ಸರ್ಕಾರಿ ಕೆಲಸಗಳೇ ಸಾಲುಗಟ್ಟಿರುತ್ತವೆ. 2024ರ ಡಿಸೆಂಬರ್ 31ರೊಳಗೆ ಬಯೋಮೆಟ್ರಿಕ್ ಕೊಡದ ವಿದೇಶಿಯರ ಬ್ಯಾಂಕ್ ವ್ಯವಹಾರ ನಿಲ್ಲುತ್ತದೆ ಎಂದು ಸರ್ಕಾರವೇ ಹೇಳಿದ್ದ ದೇಶದಲ್ಲಿ, ‘ನಿಮ್ಮ ಖಾತೆ ಬಂದ್ ಆಗುತ್ತದೆ’ ಎಂಬ ಕರೆ ಬಂದರೆ ಹೊಸಬರು ನಂಬದೆ ಇರುವುದು ಕಷ್ಟ. ಅವರನ್ನು ದಡ್ಡರೆನ್ನುವುದು ಅನ್ಯಾಯ. ಸರ್ಕಾರಿ ಕೆಲಸಗಳಿಗೆ ‘ಸಹೇಲ್’ ಆ್ಯಪ್ ಇದೆ. ಅದರಲ್ಲಿ ಕಾಣದ ದಂಡ, ಕಾಣದ ಸೂಚನೆಯನ್ನು ನಂಬಬೇಡಿ ಎಂದು ತಿಳಿದವರು ಕೂತು ಹೇಳಿಕೊಡಬೇಕು.

ವಿಳಾಸದ ವಿಷಯವೂ ಭದ್ರತೆಯದ್ದೇ. ಬಾಡಿಗೆ ಉಳಿಸಲು ಯಾರದೋ ಹೆಸರಿನ ಫ್ಲ್ಯಾಟಿನಲ್ಲಿ ಒಂದು ಕೋಣೆ ಹಿಡಿದು, ಬತಾಕಾದಲ್ಲಿ ಬೇರೊಂದು ವಿಳಾಸ ಇಟ್ಟುಕೊಂಡವರು ಬಹಳ. 2024ರಿಂದ ನಾಗರಿಕ ಮಾಹಿತಿ ಪ್ರಾಧಿಕಾರ ಇಂಥ ವಿಳಾಸಗಳನ್ನು ಅಳಿಸಿ ಹೆಸರುಗಳನ್ನು ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಿಸುತ್ತಿದೆ. ಮೂವತ್ತು ದಿನದೊಳಗೆ ಸರಿಪಡಿಸದಿದ್ದರೆ 100 ದಿನಾರ್‌ವರೆಗೆ ದಂಡ. ಅದಕ್ಕಿಂತ ಮುಖ್ಯವಾದದ್ದು ಬೇರೆ. ಬೆಂಕಿಯೋ ಕಳವೋ ಆದ ದಿನ, ಆ ಮನೆಯಲ್ಲಿ ತಾನಿದ್ದೆ ಎಂದು ತೋರಿಸಲು ಕಾಗದವಿಲ್ಲದವನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲೇ ಹಿಂಜರಿಯುತ್ತಾನೆ.

ಕಾಗದದ ಬೆಲೆ ಏನೆಂದು ಕರಾವಳಿಯ ಹಿರಿಯರನ್ನು ಕೇಳಬೇಕು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತ್‌ಗೆ ನುಗ್ಗಿದಾಗ ಅಂಗಡಿ, ಮನೆಗಳು ಲೂಟಿಯಾದವು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನಗಳಲ್ಲಿ ತಾಯ್ನಾಡಿಗೆ ಬಂದರು. ಎಷ್ಟು ಗಟ್ಟಿಯಾದ ಬೀಗವೂ ಆಗ ಕಾಯಲಿಲ್ಲ. ಕಾದದ್ದು ಪಾಸ್‌ಪೋರ್ಟು, ಇಕಾಮಾ, ಸಂಬಳದ ಚೀಟಿ, ಸಾಮಾನು ಕೊಂಡ ರಸೀದಿ. 1991ರಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗ ರಚಿಸಿತು. ಕುವೈತ್ ಬಿಟ್ಟು ಹೋಗಬೇಕಾದವರಿಗೆ ಒಬ್ಬರಿಗೆ 4,000 ಡಾಲರ್‌ವರೆಗೆ, ಕುಟುಂಬಕ್ಕೆ 8,000 ಡಾಲರ್‌ವರೆಗೆ ನಿಗದಿ ಮೊತ್ತ ಸಿಕ್ಕಿತು. ಅದಕ್ಕಿಂತ ಹೆಚ್ಚಿನ ಆಸ್ತಿ ನಷ್ಟ ಕೇಳಿದವರು ಪುರಾವೆ ಒದಗಿಸಬೇಕಿತ್ತು. ಈಗ ಆ ಪುರಾವೆಯೆಲ್ಲ ಫೋನಿನಲ್ಲಿ ಹಿಡಿಯುತ್ತದೆ: ಬಾಡಿಗೆ ಕರಾರು, ಚಿನ್ನದ ಬಿಲ್ಲು, ಪ್ರತಿ ಕೋಣೆಯ ಫೋಟೊ. ಅದರ ಒಂದು ಪ್ರತಿ ಊರಿನಲ್ಲಿರುವ ಅಣ್ಣನಿಗೋ ಅಕ್ಕನಿಗೋ ತಲುಪಿರಬೇಕು, ಅಷ್ಟೇ.

ದೊಡ್ಡ ಕಳವು ಕೆಲವೊಮ್ಮೆ ಹೊರಡುವ ಮೊದಲೇ ನಡೆದಿರುತ್ತದೆ. 2019ರಲ್ಲಿ ದಕ್ಷಿಣ ಕನ್ನಡದವರೂ ಸೇರಿ ಮೂವತ್ತಕ್ಕೂ ಹೆಚ್ಚು ಯುವಕರು ಮಂಗಳೂರಿನ ಏಜೆನ್ಸಿಯೊಂದನ್ನು ನಂಬಿ ಕುವೈತ್‌ಗೆ ಹೋಗಿ, ಹೇಳಿದ ಕೆಲಸವೂ ಇಲ್ಲದೆ, ಊಟಕ್ಕೂ ಗತಿಯಿಲ್ಲದೆ ಸಿಕ್ಕಿಕೊಂಡರು. ಅವರು ಕಳಿಸಿದ ವೀಡಿಯೊ ಶಾಸಕ ವೇದವ್ಯಾಸ ಕಾಮತ್ ಅವರಿಗೆ ತಲುಪಿ, ವಿದೇಶಾಂಗ ಸಚಿವಾಲಯದವರೆಗೆ ಹೋಯಿತು. ಅಷ್ಟರಲ್ಲಿ ಅವರಿಗೆ ಅನ್ನ ಹಾಕಿದವರು, ಟಿಕೆಟ್ಟಿಗೆ ದುಡ್ಡು ಕೂಡಿಸಿದವರು ಕುವೈತ್‌ನಲ್ಲಿದ್ದ ಕರಾವಳಿಯ ಜನ. ಅಲ್ಲಿ ಕುವೈತ್ ಕನ್ನಡ ಕೂಟ, ತುಳು ಕೂಟ, ಕೆನರಾ ವೆಲ್ಫೇರ್ ಅಸೋಸಿಯೇಷನ್ ಎಂದು ಗಟ್ಟಿಯಾದ ಸಂಘಗಳಿವೆ. ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸುವ ಶಕ್ತಿ ಅವಕ್ಕಿದೆ. ಹೊಸ ಕುಟುಂಬದ ಬಾಗಿಲು ತಟ್ಟಿ ಮಾತಾಡಿಸಲು ಹತ್ತು ಸ್ವಯಂಸೇವಕರನ್ನು ಹೊಂದಿಸುವುದು ಅವಕ್ಕೆ ಆಗದ ಕೆಲಸವಲ್ಲ.

ಸರ್ಕಾರದ ಪಾಲೂ ಇದೆ. ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. ಮಂಗಾಫ್ ದುರಂತದ ದಿನ ಮಲಯಾಳಿ ಕುಟುಂಬಗಳಿಗೆ ಫೋನ್ ಮಾಡಲು ಒಂದು ಜಾಗವಿತ್ತು. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಆದರೆ ಅದರ ಹೆಸರು ಕುಂದಾಪುರದ ಮನೆಯೊಂದಕ್ಕೆ ಗೊತ್ತಿಲ್ಲ. ಆ ಸಮಿತಿ ಮಂಗಳೂರು, ಉಡುಪಿ, ಕಲಬುರಗಿಯಲ್ಲಿ ತಿಂಗಳಿಗೊಮ್ಮೆ, ಹೊರಡುವ ಕುಟುಂಬಗಳಿಗೆ ಅರ್ಧ ದಿನದ ತರಬೇತಿ ನಡೆಸಲಿ. ಕುವೈತ್‌ನಲ್ಲಿ ಇದ್ದು ಬಂದ ನರ್ಸ್, ಡ್ರೈವರ್, ಗೃಹಿಣಿಯರೇ ಪಾಠ ಹೇಳಲಿ. ವಿದ್ಯುತ್, ಹೊಗೆ, ಮೆಟ್ಟಿಲುಗಳಿಂದ ಪಾಠ ಶುರುವಾಗಲಿ. ನಕಲಿ ಕರೆ, ಬತಾಕಾ, ವಿಳಾಸ ಆಮೇಲೆ ಬರಲಿ. ಬಾಗಿಲಿನ ಬೀಗಕ್ಕೆ ಕೊನೆಯ ಹತ್ತು ನಿಮಿಷ ಸಾಕು. ಮುಂದಿನ ಬೇಸಿಗೆ ರಜೆಗೆ ಕುಟುಂಬಗಳು ಹೊರಡುವ ಮೊದಲೇ ಮೊದಲ ತರಬೇತಿ ಮಂಗಳೂರಿನಲ್ಲಿ ನಡೆಯಬೇಕು.