ಗಾಳದ ಹುಡುಗಿಗೆ ಯಾವ ಕಾಲೇಜು?

ಮೀನು ಹಿಡಿಯುವವಳಿಗೆ ಕಾಲೇಜು ಯಾಕೆ ಎಂದು ಕೇಳುವವರಿದ್ದಾರೆ. ಕಾಲೇಜಿಗೆ ಹೋಗುವವಳಿಗೆ ಮೀನು ಯಾಕೆ ಎಂದು ಕೇಳುವವರು ಇನ್ನೂ ಹೆಚ್ಚು. ನಾನು ಈ ಎರಡೂ ಗುಂಪಿಗೆ ಸೇರಿದವಳಲ್ಲ. ಮೀನಿಗಾಗಿಯೇ ಕಾಲೇಜು ಆರಿಸಿಕೊಳ್ಳಬೇಕು ಎನ್ನುವ ಮೂರನೆಯ ಗುಂಪೊಂದು ಅಮೆರಿಕದಲ್ಲಿ ಬೆಳೆದಿದೆ. ಮೊದಲಿನವರ ಜೊತೆ ನನಗೆ ಚಿಕ್ಕ ಜಗಳ, ಈ ಮೂರನೆಯವರ ಜೊತೆ ದೊಡ್ಡ ಜಗಳ.

ವಿಷಯ ಏನೆಂದು ಹೇಳಿಬಿಡುತ್ತೇನೆ. ಬಾಸ್ ಎಂದರೆ ಇಲ್ಲಿ ಆಫೀಸಿನ ಮೇಲಧಿಕಾರಿಯಲ್ಲ; ಅಮೆರಿಕದ ಕೆರೆ, ಹಿನ್ನೀರುಗಳಲ್ಲಿ ಬದುಕುವ ಅಗಲಬಾಯಿಯ ಒಂದು ಸಿಹಿನೀರಿನ ಮೀನು. ಅದನ್ನು ಗಾಳದಿಂದ ಹಿಡಿಯುವುದು ಅಲ್ಲಿ ದೊಡ್ಡ ಪಂದ್ಯ. ದಿನದ ಕೊನೆಗೆ ಸಾಮಾನ್ಯವಾಗಿ ಐದು ಮೀನುಗಳ ಒಟ್ಟು ತೂಕ ನೋಡುತ್ತಾರೆ. ಮೀನು ಜೀವಂತ ಇರಬೇಕು, ಸತ್ತರೆ ತೂಕದಲ್ಲಿ ಕಡಿತ. ತೂಗಿದ ಮೇಲೆ ಮತ್ತೆ ನೀರಿಗೇ ಬಿಡುತ್ತಾರೆ. ಈ ಪಂದ್ಯಗಳಲ್ಲಿ ಹೆಸರಾದ ‘ಬಾಸ್‌ಮಾಸ್ಟರ್ ಕ್ಲಾಸಿಕ್’ ಶುರುವಾದ 1971ರಲ್ಲಿ ಗೆದ್ದವನಿಗೆ ಸಿಕ್ಕದ್ದು 10 ಸಾವಿರ ಡಾಲರ್. ಇತ್ತೀಚಿನ ವರ್ಷಗಳಲ್ಲಿ ಅದು 3 ಲಕ್ಷ ಡಾಲರಿಗೆ ಏರಿದೆ. ಟೆನೆಸ್ಸಿಯ ಬೆಥೆಲ್ ವಿಶ್ವವಿದ್ಯಾಲಯದಂಥ ಕೆಲವು ಕಡೆ ಗಾಳ ಹಾಕುವ ಮಕ್ಕಳಿಗೆ ವಿದ್ಯಾರ್ಥಿವೇತನವನ್ನೂ ಕೊಡುತ್ತಾರೆ.

ಇದೆಲ್ಲ ನಮಗೆ ಯಾಕೆ ಎಂದಿರಾ? ನನ್ನ ತಂಗಿಯ ಮಗ ಅಲಬಾಮ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಇಂಜಿನಿಯರ್. ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ ಗಂಟರ್ಸ್‌ವಿಲ್ ಎಂಬ ದೊಡ್ಡ ಹಿನ್ನೀರು, ಬಾಸ್ ಮೀನಿಗೆ ದೇಶಕ್ಕೇ ಹೆಸರಾದದ್ದು. ಅವನ ಮಗಳು ಹೈಸ್ಕೂಲಿನ ತಂಡದಲ್ಲಿ ಸೇರಿ ಗಾಳ ಹಿಡಿದವಳು ಈಗ ಅದೇ ತನ್ನ ವೃತ್ತಿ ಎಂದು ಕೂತಿದ್ದಾಳೆ. “ಅಕ್ಕಾ, ಮೀನು ಹಿಡಿಯೋಕೆ ಅಂತ ಕಾಲೇಜಿಗೆ ಹೋಗ್ತಾಳಂತೆ, ನಾನು ಯಾರ ಹತ್ರ ಹೇಳ್ಕೊಳ್ಳಲಿ?” ಎಂದು ತಂಗಿ ಫೋನಿನಲ್ಲಿ ಅತ್ತಳು.

ತಂಗಿಯ ಸಂಕಟದಲ್ಲಿ ಅರ್ಧ ಮೊಮ್ಮಗಳ ಭವಿಷ್ಯದ್ದು, ಇನ್ನರ್ಧ ಮೀನಿನ ವಾಸನೆಯದು. ಆ ಇನ್ನರ್ಧಕ್ಕೆ ನಾನು ಬೆಲೆ ಕೊಡಲಾರೆ. ಮೀನು ಹಿಡಿಯುವುದು ‘ಅವರ’ ಕಸುಬು, ನಮ್ಮಂಥವರದ್ದಲ್ಲ ಎಂಬ ಮಾತು ನಮ್ಮ ಎಷ್ಟು ಮನೆಗಳಲ್ಲಿ ಇನ್ನೂ ಜೀವಂತವಾಗಿದೆ! ಮಲ್ಪೆಯ ಕಡೆ ಬುಟ್ಟಿ ಹೊತ್ತು ಮೀನು ಮಾರಿ ಮಕ್ಕಳನ್ನು ಓದಿಸಿದ ತಾಯಂದಿರ ಎದುರು ಈ ಮಾತು ಹೇಳಲು ನಮಗೆ ಬಾಯಿ ಬರುತ್ತದೆಯೇ? ಮೀನಿಗೂ ಕಾಲೇಜಿಗೂ ಏನು ಸಂಬಂಧ ಎನ್ನುವವರು ಮಂಗಳೂರಿನ ಮೀನುಗಾರಿಕಾ ಕಾಲೇಜನ್ನು ನೆನೆಸಿಕೊಳ್ಳಲಿ. ದೇಶದಲ್ಲೇ ಮೊದಲನೆಯದಾದ ಅದು ಶುರುವಾದದ್ದು 1969ರಲ್ಲಿ.

ಹುಡುಗಿಗೆ ಇದೆಲ್ಲ ಒಗ್ಗುವುದಿಲ್ಲ ಎನ್ನುವವರಿಗೂ ಒಂದು ಮಾತಿದೆ. ರೇ ಸ್ಕಾಟ್ ಎಂಬ ವಿಮಾ ಏಜೆಂಟ್ 1967ರಲ್ಲಿ ಆರ್ಕನ್ಸಾದ ಬೀವರ್ ಸರೋವರದಲ್ಲಿ ಮೊದಲ ಪಂದ್ಯ ನಡೆಸಿ, ಮರುವರ್ಷ ಗಾಳಗಾರರ ಸಂಸ್ಥೆಯನ್ನೇ ಕಟ್ಟಿದ. ಆ ಸಂಸ್ಥೆಯ ಪಂದ್ಯಗಳಲ್ಲಿ 1991ರವರೆಗೆ ಹೆಂಗಸರಿಗೆ ಜಾಗವಿರಲಿಲ್ಲ. ಇಡೀ ದಿನ ಒಂದೇ ದೋಣಿಯಲ್ಲಿ ಪರಗಂಡಸು, ಪರಹೆಂಗಸು ಇರುವುದು ಹೇಗೆ ಎಂಬುದು ದೊಡ್ಡ ಆಕ್ಷೇಪ. ಈ ಮಾತು ನಮಗೆ ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಕ್ಲಾಸಿಕ್ ಪಂದ್ಯದಲ್ಲಿ ಮೊದಲ ಹೆಂಗಸು ಕಿಮ್ ಬೇನ್-ಮೂರ್ ಗಾಳ ಹಾಕಿದ್ದು 2009ರಲ್ಲಿ, ಪಂದ್ಯ ಶುರುವಾಗಿ 38 ವರ್ಷಗಳ ಮೇಲೆ.

ತಮಾಷೆ ನೋಡಿ. ಈ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೊರಟುಬಿಡುತ್ತದೆ. ಗೂಡು ಕಟ್ಟುವುದು, ಮೊಟ್ಟೆ ಮರಿಗಳಿಗೆ ಕಾವಲು ನಿಲ್ಲುವುದು ಎಲ್ಲ ಗಂಡಿನ ಪಾಲು. ತೂಕದ ದೊಡ್ಡ ಮೀನುಗಳು ಹೆಚ್ಚಾಗಿ ಹೆಣ್ಣುಗಳೇ. ಹೆಣ್ಣು ಮೀನನ್ನು ತೂಗಿ ಬಹುಮಾನ ಪಡೆಯುವ ಪಂದ್ಯದಿಂದ ಹೆಣ್ಣನ್ನು ಅಷ್ಟು ವರ್ಷ ಹೊರಗಿಟ್ಟಿದ್ದರು! ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಗಂಡು ಹೆಣ್ಣೆಂದು ಭೇದ ಮಾಡಕೂಡದು ಎಂದು ಅಲ್ಲಿ 1972ರಲ್ಲೇ ಕಾನೂನು ಬಂದಿದೆ. ಹಾಗಾಗಿ ಕಾಲೇಜಿನ ತಂಡಕ್ಕೆ ಸೇರಲು ಅವಳು ಯಾರ ಕೃಪೆಯನ್ನೂ ಬೇಡಬೇಕಿಲ್ಲ. ಹೋಗಲಿ ಹುಡುಗಿ, ಗಾಳ ಹಾಕಲಿ. ಇಲ್ಲಿಯವರೆಗೆ ನಾನು ಅವಳ ಪಕ್ಷ.

ಆದರೆ ಕಾಲೇಜು ಯಾವುದು ಎಂಬಲ್ಲಿಗೆ ಬಂದಾಗ ನಾನು ಅವಳ ಪಕ್ಷವಲ್ಲ. ಅವಳ ಮುಂದೆ ಎರಡು ದಾರಿಗಳಿವೆ. ಒಂದು, ಗಾಳಕ್ಕೆಂದೇ ವಿದ್ಯಾರ್ಥಿವೇತನ ಕೊಡುವ ದೂರದ ಖಾಸಗಿ ಕಾಲೇಜು. ಇನ್ನೊಂದು, ವೇತನವಿಲ್ಲದ, ಆದರೆ ಗಾಳದ ತಂಡವೂ ಒಳ್ಳೆಯ ಓದೂ ಇರುವ, ಅವರದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ. ಅವಳಿಗೆ ಮೊದಲನೆಯದು ಬೇಕು, ಯಾಕೆಂದರೆ ಅವರು ‘ನಿನ್ನನ್ನು ಕರೆದಿದ್ದಾರೆ’.

ಆಷಾಢದ ರಿಯಾಯಿತಿಯಲ್ಲಿ ಸೀರೆ ಕೊಂಡ ನಮಗೆ ಈ ಕರೆ ಗೊತ್ತಿಲ್ಲವೇ? ಎಷ್ಟು ಬಿಟ್ಟರು ಎಂದು ನೋಡಬಾರದು, ಎಷ್ಟು ಕೊಟ್ಟು ಬಂದೆವು ಎಂದು ನೋಡಬೇಕು. ಲೆಕ್ಕಕ್ಕಾಗಿ ಹೇಳುತ್ತೇನೆ: 30 ಸಾವಿರ ಡಾಲರ್ ಶುಲ್ಕದ ಕಡೆ 5 ಸಾವಿರ ಬಿಟ್ಟರೆ ಉಳಿಯುವುದು 25 ಸಾವಿರ. 12 ಸಾವಿರದ ಕಡೆ ಒಂದು ಡಾಲರೂ ಬಿಡದಿದ್ದರೂ ಅದು 12 ಸಾವಿರವೇ. ನಾಲ್ಕು ವರ್ಷಕ್ಕೆ ಇದನ್ನು ಗುಣಿಸಿ ನೋಡಿ. ಮೇಲಾಗಿ ಎಷ್ಟೋ ತಂಡಗಳಲ್ಲಿ ದೋಣಿ ತರಬೇಕಾದವರೂ ಮಕ್ಕಳೇ. ದೋಣಿಯೆಂದರೆ ನಮ್ಮ ಹರಿಗೋಲಲ್ಲ, 250 ಅಶ್ವಶಕ್ತಿಯವರೆಗಿನ ಇಂಜಿನ್ ಕೂರಿಸಿದ್ದು. ಹೊಸದಾದರೆ ಎಪ್ಪತ್ತು ಎಂಬತ್ತು ಸಾವಿರ ಡಾಲರ್ ದಾಟುವುದು ಸಾಮಾನ್ಯ.

ಕಾಲೇಜು ಮುಗಿದ ಮೇಲಾದರೂ ಸಂಬಳ ಬರುತ್ತದೆಯೇ? ಇಲ್ಲ. ಈ ವೃತ್ತಿಯಲ್ಲಿ ಆಡುವವರೇ ದುಡ್ಡು ಕಟ್ಟಬೇಕು. ಮೇಲಿನ ಹಂತದಲ್ಲಿ ಒಂದು ಋತುವಿನ ಪ್ರವೇಶ ಶುಲ್ಕವೇ ಹತ್ತಾರು ಸಾವಿರ ಡಾಲರ್. ಪೆಟ್ರೋಲು, ವಸತಿ, ಗಾಳದ ಸಾಮಾನು ಬೇರೆ. ಮೇಲಿನ ಸಾಲಿನವರಿಗೆ ಬಹುಮಾನ, ಕೆಳಗಿನವರಿಗೆ ಕಟ್ಟಿದ್ದೂ ಹೋಯಿತು.

ಮೂರನೆಯ ಗುಂಪಿನವರು ಆಗ ಜೋರ್ಡಾನ್ ಲೀಯನ್ನು ತೋರಿಸುತ್ತಾರೆ. ನಿಜ, ಆಬರ್ನ್ ವಿಶ್ವವಿದ್ಯಾಲಯದ ತಂಡದಲ್ಲಿ ಬೆಳೆದ ಆ ಹುಡುಗ 2017 ಮತ್ತು 2018ರಲ್ಲಿ ಸಾಲಾಗಿ ಕ್ಲಾಸಿಕ್ ಗೆದ್ದ. ಆದರೆ ಆಬರ್ನ್ ಗಾಳಕ್ಕೆಂದೇ ಹುಟ್ಟಿದ ಕಾಲೇಜಲ್ಲ, ಎಲ್ಲ ಓದೂ ಇರುವ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ. ಅವರ ಉದಾಹರಣೆಯೇ ನನ್ನ ವಾದವನ್ನು ಹೇಳುತ್ತಿದೆ. ಸಾವಿರಾರು ಮಕ್ಕಳ ನಡುವೆ ಒಬ್ಬನ ಹೆಸರು ಹೇಳಿ ಉಳಿದವರಿಂದ ಶುಲ್ಕ ವಸೂಲು ಮಾಡುವ ವಿದ್ಯೆ ನಮ್ಮೂರ ಕ್ರಿಕೆಟ್ ತರಬೇತಿ ಶಿಬಿರಗಳಿಗೂ ಗೊತ್ತು.

ಹೆಣ್ಣಿಗೆ ಇನ್ನೊಂದು ಅಪಾಯವೂ ಇದೆ. ಹೆಂಗಸರಿಗೆಂದೇ 1976ರಲ್ಲಿ ಶುಗರ್ ಫೆರಿಸ್ ಎಂಬಾಕೆ ಕಟ್ಟಿದ ‘ಬ್ಯಾಸಿನ್ ಗ್ಯಾಲ್’ ಸಂಸ್ಥೆ 1998ರಲ್ಲಿ ಮುಚ್ಚಿತು. ಬಾಸ್‌ಮಾಸ್ಟರಿನವರೇ 2006ರಲ್ಲಿ ತೆರೆದ ಹೆಂಗಸರ ಪಂದ್ಯಮಾಲೆ ನಾಲ್ಕೇ ವರ್ಷ ನಡೆಯಿತು. ಬದುಕನ್ನೆಲ್ಲ ಅದರ ಮೇಲೇ ಇಟ್ಟವಳಿಗೆ ಮರುದಿನ ಬೆಳಿಗ್ಗೆ ಉಳಿಯುವುದೇನು? ಅಪ್ಪನ ದೋಣಿ, ಇಲ್ಲವೇ ಗಂಡನ ಕಿಸೆ. ಅವೂ ಇಲ್ಲದಿದ್ದರೆ, ಅಂಗಿಯ ಮೇಲೆ ತನ್ನ ಹೆಸರು ಹೊಲಿಸಿದಷ್ಟು ದಿನ ಮಾತ್ರ ದುಡ್ಡು ಕೊಡುವ ಕಂಪನಿ.

ಹಾಗಾಗಿ ನನ್ನ ಮಾತು ಇಷ್ಟೇ: ಗಾಳ ಹಾಕುವ ಹುಡುಗಿ ಮೊದಲು ನೋಡಬೇಕಾದದ್ದು ತನ್ನ ಪ್ರವೇಶ ಶುಲ್ಕವನ್ನು ತಾನೇ ಕಟ್ಟುವ ಶಕ್ತಿ ಕೊಡುವ ಓದನ್ನು. ಮೀನಿನ ಮೇಲೆ ಅಷ್ಟು ಪ್ರೀತಿ ಇದ್ದರೆ ಮೀನುಗಾರಿಕಾ ವಿಜ್ಞಾನ ಓದಲಿ. ಆಬರ್ನಿನಲ್ಲಿ ಅದಕ್ಕೆಂದೇ ಹೆಸರಾಂತ ವಿಭಾಗವಿದೆ. ನೀರಿನ ಬಿಸಿ ಏರಿದರೆ ಮೀನು ಎಲ್ಲಿಗೆ ಸರಿಯುತ್ತದೆ ಎಂಬುದು ಪಂದ್ಯಕ್ಕೂ ಬೇಕು, ನೌಕರಿಗೂ ಬೇಕು. ಲೆಕ್ಕಪತ್ರ ಓದಿದರೆ ತನ್ನ ಒಪ್ಪಂದದ ಕಾಗದವನ್ನು ತಾನೇ ತೂಗಿ ನೋಡಬಲ್ಲಳು. ನರ್ಸಿಂಗ್ ಓದಿದರೆ ಅಲ್ಲಿನ ಎಷ್ಟೋ ಆಸ್ಪತ್ರೆಗಳಲ್ಲಿ ಹನ್ನೆರಡು ಗಂಟೆಯಂತೆ ವಾರಕ್ಕೆ ಮೂರು ದಿನ ದುಡಿದರೆ ಸಾಕು, ಉಳಿದ ನಾಲ್ಕು ದಿನ ಸರೋವರದ ಮೇಲೆ ಕಳೆಯಬಹುದು. ಯಾವ ಕಾಲೇಜಿಗೇ ಹೋಗಲಿ, ಈ ಪ್ರಶ್ನೆಗಳನ್ನು ನಾಚಿಕೆ ಬಿಟ್ಟು ಕೇಳಲಿ: ವೇತನ ನಾಲ್ಕೂ ವರ್ಷಕ್ಕೋ, ಮೊದಲ ವರ್ಷಕ್ಕೆ ಮಾತ್ರವೋ? ತಂಡ ಬಿಟ್ಟರೆ ಅದೂ ಹೋಗುತ್ತದೆಯೋ? ದೋಣಿ ಯಾರದು, ಅದರ ವಿಮೆ ಯಾರದು? ಹಿಂದಿನ ಹುಡುಗಿಯರು ಈಗ ಏನು ಮಾಡುತ್ತಿದ್ದಾರೆ?

ಹೀಗೆ ಲೆಕ್ಕ ಹಾಕಿದರೆ ಕನಸು ಸಾಯುತ್ತದೆ ಎನ್ನುತ್ತಾರೆ. ಲೆಕ್ಕಕ್ಕೆ ಸಾಯುವ ಕನಸು ಮೊದಲ ಸಾಲಕ್ಕೂ ಸಾಯುತ್ತದೆ. ಗೆಲ್ಲುವ ಹುಡುಗಿಯನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ನನಗೆ ಚಿಂತೆ ಸೋಲುವವಳದು, ಯಾಕೆಂದರೆ ಈ ಆಟದಲ್ಲಿ ಹೆಚ್ಚಿನವರು ಹೆಚ್ಚಿನ ದಿನ ಸೋಲುವವರೇ. ಬೇರೆಯವರ ದುಡ್ಡಿನಲ್ಲಿ ಸೋತವಳನ್ನು “ಸಾಕು, ಇನ್ನು ಮನೆಗೆ ಬಾ” ಎಂದು ಕರೆಯಲು ಹತ್ತು ಬಾಯಿಗಳಿರುತ್ತವೆ. ತನ್ನ ದುಡ್ಡಿನಲ್ಲಿ ಸೋತವಳು ಮಾರನೆಯ ದಿನ ಮತ್ತೆ ಗಾಳ ಹಾಕಬಹುದು.