ಮದುವೆಯ ಮಾರನೇ ದಿನ ಏನು ಉಳಿಯುತ್ತೆ?

ಸಂಕ್ರಾಂತಿ ಕಳೆದು ಶೇಂಗಾ ಮಾರಿದ ದುಡ್ಡು ಕೈಗೆ ಬಂತು ಅಂದ್ರೆ ಸಾಕು, ಚಳ್ಳಕೆರೆ-ಮೊಳಕಾಲ್ಮೂರು ಕಡೆ ಮದುವೆಗಳ ಸುಗ್ಗಿ ಶುರು. ಛತ್ರದ ಮುಂದೆ ಹುಡುಗ ಹುಡುಗಿಯ ಆಳೆತ್ತರದ ಫ್ಲೆಕ್ಸು, ಒಳಗೆ ಥರ್ಮೋಕೋಲಿನ ಅರಮನೆ, ತಲೆ ಮೇಲೆ ಗುಂಯ್‌ಗುಡೋ ಡ್ರೋನು, ಊಟದ ಸಾಲಿನ ಪಕ್ಕ ಗೋಬಿ ಮಂಚೂರಿ ಕೌಂಟರು. ಊಟ ಮುಗಿಸಿ ಕೈ ಒರೆಸಿಕೊಳ್ತಾ "ಭಾರೀ ಸ್ಟೈಲಾಗಿ ಮಾಡಿದ್ರು ಬಿಡ್ರಿ" ಅಂತ ಒಂದು ಸರ್ಟಿಫಿಕೇಟ್ ಕೊಟ್ಟು ಜನ ಬಸ್ ಹತ್ತುತ್ತಾರೆ. ಆ ಒಂದು ಮಾತಿಗೆ ಎಷ್ಟು ಖರ್ಚಾಯ್ತು ಅನ್ನೋದು ಹುಡುಗಿಯ ಅಪ್ಪನಿಗೆ ಮಾತ್ರ ಗೊತ್ತು.

ನಂಗೆ ಸ್ಟೈಲಿನ ಮೇಲೆ ಯಾವ ಸಿಟ್ಟೂ ಇಲ್ಲ. ಜೀವನದಲ್ಲಿ ಒಂದ್ಸಲ ಆಗೋ ಮದುವೆ, ಚೆಂದ ಕಾಣಬೇಕು ಅನ್ನೋ ಆಸೆ ತಪ್ಪೇನಲ್ಲ. ನನ್ನ ತಕರಾರು ಬೇರೆ. ನಾವು ದುಡ್ಡು ಸುರಿಯೋದು ಮಾರನೇ ದಿನ ಬೆಳಿಗ್ಗೆ ಲಾರಿ ಹತ್ತಿ ವಾಪಸ್ ಹೋಗೋ ವಸ್ತುಗಳ ಮೇಲೆ, ಚೌಕಾಸಿ ಮಾಡೋದು ಮನೆಯಲ್ಲಿ ಉಳಿಯೋ ವಸ್ತುಗಳ ಮೇಲೆ! ಅದಕ್ಕೇ ಖರ್ಚಿನ ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೆಯೂ ಒಂದು ಪ್ರಶ್ನೆ ಬರೆದುಕೊಳ್ಳಿ ಅಂತ ಹೇಳ್ತೀನಿ: ಮದುವೆಯ ಮಾರನೇ ದಿನ ಇದು ಉಳಿಯುತ್ತಾ?

ಯಾಕೆ ಅಷ್ಟು ತಲೆ ಕೆಡಿಸ್ಕೋಬೇಕು ಅಂತೀರಾ? ನಮ್ಮದು ಮಳೆ ನಂಬಿದ ಸೀಮೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲೂಕುಗಳಲ್ಲಿ ಇವೂ ಸೇರಿವೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನ ಬರಪೀಡಿತ ಅಂತ ಘೋಷಿಸಿದ್ದು ಯಾರೂ ಮರೆತಿಲ್ಲ. ಇಂಥ ಕಡೆ ಒಬ್ಬ ರೈತ ಮದುವೆಗೆ ಅಂತ 3 ಲಕ್ಷ ಕೈಸಾಲ ಮಾಡಿದ ಅಂತಿಟ್ಕೊಳ್ಳಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂದ್ರೆ ತಿಂಗಳಿಗೆ 9 ಸಾವಿರ, ವರ್ಷಕ್ಕೆ 1 ಲಕ್ಷದ 8 ಸಾವಿರ. ಅದೂ ಬರೀ ಬಡ್ಡಿ, ಅಸಲು ಹಾಗೇ ಇರುತ್ತೆ. ಒಂದು ವರ್ಷ ಮಳೆ ಕೈಕೊಟ್ರೆ ಮುಗೀತು. ಸಾಲ ವಸೂಲಿಯ ಕಿರುಕುಳ ತಡೆಯೋಕೆ ಅಂತ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು ಅಂದ್ರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತು ಯೋಚಿಸಿ. ಥರ್ಮೋಕೋಲ್ ಅರಮನೆ ಒಂದು ದಿನದ್ದು, ಬಡ್ಡಿ ವರ್ಷಗಟ್ಟಲೆಯದ್ದು.

ಸರಿ, ಹಾಗಾದ್ರೆ ಏನು ಮಾಡಬಹುದು? ನಂಗೆ ತೋಚಿದ್ದು ಹೇಳ್ತೀನಿ. ಎಲ್ಲವೂ ನಮ್ಮ ಊರಲ್ಲೇ ಸಿಗೋ ಸಾಮಾನು, ನಮ್ಮ ಕೈಯಲ್ಲೇ ಆಗೋ ಕೆಲಸ.

1. ಸೀರೆ

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಹೊರಗಿನವರು ಹುಡುಕಿಕೊಂಡು ಬರ್ತಾರೆ. ನಾವು ಮಾತ್ರ ಅದನ್ನ ಬಿಟ್ಟು ವ್ಯಾನ್ ಮಾಡ್ಕೊಂಡು ದೂರದ ಊರುಗಳಿಗೆ ಹೋಗಿ ಐದಾರು ಸೀರೆ ತರ್ತೀವಿ. ವ್ಯಾನಿನ ಬಾಡಿಗೆ, ಹತ್ತು ಜನರ ಊಟ ತಿಂಡಿ ಬೇರೆ. ಅದರ ಬದಲು ಧಾರೆಗೆ ಒಂದೇ ಒಂದು ಒಳ್ಳೆ ಕೈಮಗ್ಗದ ಸೀರೆ ತಗೊಳ್ಳಿ. ಒಂದೆರಡು ತಿಂಗಳು ಮುಂಚೆಯೇ ನೇಕಾರರಿಗೆ ಬಣ್ಣ, ಅಂಚು ಹೇಳಿ ನೇಯಿಸಿದ್ರೆ ಇನ್ನೂ ಚೆಂದ. ರಿಸೆಪ್ಷನ್‌ಗೆ ಅಮ್ಮನದೋ ಅಜ್ಜಿಯದೋ ಹಳೇ ರೇಷ್ಮೆ ಸೀರೆ, ಅದಕ್ಕೊಂದು ಹೊಸ ಥರದ ಬ್ಲೌಸು. ಒಮ್ಮೆ ಉಟ್ಟು ಬೀರು ಸೇರೋ ಲೆಹೆಂಗಾಕ್ಕಿಂತ ಇದೇ ಫೋಟೋದಲ್ಲಿ ಚೆಂದ ಬರುತ್ತೆ, ನೋಡಿ ಬೇಕಾದ್ರೆ.

ಒಂದು ಎಚ್ಚರಿಕೆ. ಪವರ್‌ಲೂಮ್ ಸೀರೆಯನ್ನ ಕೈಮಗ್ಗದ್ದು ಅಂತ ಮಾರೋರಿರ್ತಾರೆ. ಸಿಲ್ಕ್ ಮಾರ್ಕ್ ಇದ್ರೆ ರೇಷ್ಮೆ ಅಸಲಿ ಅಂತ ಅರ್ಥ, ಹ್ಯಾಂಡ್‌ಲೂಮ್ ಮಾರ್ಕ್ ಇದ್ರೆ ಕೈಮಗ್ಗದ್ದು ಅಂತ ಅರ್ಥ. ಎರಡೂ ಬೇರೆ ಬೇರೆ, ಎರಡನ್ನೂ ಕೇಳಿ. ಅನುಮಾನ ಬಂದ್ರೆ ಸೆರಗಿನ ತುದಿಯ ಒಂದೆಳೆ ಸುಟ್ಟು ನೋಡಿ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪ್ಲಾಸ್ಟಿಕ್ ದಾರ ಆದ್ರೆ ಕರಗಿ ಗಂಟಾಗುತ್ತೆ.

2. ಹಂದರ ಮತ್ತು ವೇದಿಕೆ

ಮನೆ ಮುಂದೆ ಹಂದರಕ್ಕೆ ಹೊಂಗೆ ಸೊಪ್ಪು, ಮಾವಿನ ತೋರಣ, ಬಾಳೆಕಂಬ. ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಛತ್ರದ ವೇದಿಕೆಗೆ ಒಂದು ಐಡಿಯಾ: ಎರಡೂ ಕಡೆಯ ಮನೆಗಳಿಂದ ಹಳೇ ರೇಷ್ಮೆ ಸೀರೆಗಳನ್ನ ಎರವಲು ತಂದು, ಬಿದಿರಿನ ಗಳಕ್ಕೆ ಸಾಲಾಗಿ ಇಳಿಬಿಡಿ. ಅಜ್ಜಿಯ ಧಾರೆ ಸೀರೆ, ಅತ್ತೆಯ ಸೀರಂತದ ಸೀರೆ, ದೊಡ್ಡಮ್ಮನ ಸೀರೆ.. ಪ್ರತಿಯೊಂದಕ್ಕೂ ಒಂದು ಕಥೆ ಇರುತ್ತೆ. ಪಿನ್ನು ಚುಚ್ಚಬೇಡಿ, ಬಟ್ಟೆ ಒಣಗಿಸೋ ಕ್ಲಿಪ್ಪು ಸಾಕು. ದೊಡ್ಡ ಲೈಟುಗಳಿಂದಲೂ ದೀಪದಿಂದಲೂ ದೂರ ಇರಲಿ. ಸಂಜೆಗೆ ಮಡಚಿ ಅವರವರಿಗೆ ವಾಪಸ್ ಕೊಟ್ರಾಯ್ತು.

ಹೂವನ್ನ ಕಟ್ಟಿದ ಮಾಲೆಯಾಗಿ ಕೊಳ್ಳಬೇಡಿ. ಚೆಂಡುಹೂವು, ಸೇವಂತಿಗೆ ಬಿಡಿಹೂವು ಕೇಜಿ ಲೆಕ್ಕದಲ್ಲಿ ಹಿಂದಿನ ದಿನ ತಂದು, ರಾತ್ರಿ ಎಲ್ಲರೂ ಸುತ್ತ ಕೂತು ಕಟ್ಟಿ. ಸೋಬಾನೆ ಪದ ಗೊತ್ತಿರೋ ಅಜ್ಜಿಯರನ್ನ ಮಧ್ಯೆ ಕೂರಿಸಿ, ಡಿಜೆಯ ಖರ್ಚೂ ಉಳಿಯುತ್ತೆ.

ಅಂದಹಾಗೆ ಪ್ಲಾಸ್ಟಿಕ್ ಫ್ಲೆಕ್ಸು, ಥರ್ಮೋಕೋಲ್ ತಟ್ಟೆ, ಊಟದ ಟೇಬಲ್ ಮೇಲೆ ಹಾಸೋ ಪ್ಲಾಸ್ಟಿಕ್ ಹಾಳೆ ಇವೆಲ್ಲ 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ನಿಷೇಧಿಸಿದ ಪಟ್ಟಿಯಲ್ಲಿವೆ. ಅಂದ್ರೆ ಸಾಲ ಮಾಡಿ ಕಾನೂನು ಮುರೀತಿದ್ದೀವಿ!

3. ಕಂಬಳಿ

ನಮ್ಮ ಎಷ್ಟೋ ಮನೆತನಗಳಲ್ಲಿ ಕರಿಕಂಬಳಿ ಗದ್ದಿಗೆ ಹಾಸದೆ ಶುಭಕಾರ್ಯ ನಡೆಯಲ್ಲ. ಚಳ್ಳಕೆರೆ ಕಂಬಳಿ ಅಂದ್ರೆ ಹೆಸರುವಾಸಿ, ಕುರಿ ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯೋದು. ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಸಂಸ್ಥೆಗಳಿಗೆ ಹೋದ ಮೇಲೆ ಕುರಿ ಮೇಯೋ ಜಾಗವೂ ಕುಗ್ಗಿದೆ. ಬಾಡಿಗೆ ಸೋಫಾ ರಾಜ-ರಾಣಿ ಕುರ್ಚಿ ಬದಲು ಒಂದು ಮರದ ಬೆಂಚಿಗೆ ಹೊಸ ಕರಿಕಂಬಳಿ ಹಾಸಿ ವಧೂವರರನ್ನ ಕೂರಿಸಿ ನೋಡಿ. ಕಪ್ಪು ಕಂಬಳಿಯ ಮೇಲೆ ಕೆಂಪು ರೇಷ್ಮೆ, ಹಳದಿ ಹೂವು.. ಯಾವ ಡಿಸೈನರೂ ಇದಕ್ಕಿಂತ ಚೆಂದದ ಬಣ್ಣ ಹೇಳಲಾರ. ಮಾರನೇ ದಿನ ಆ ಕಂಬಳಿ ಹೊಸ ಸಂಸಾರಕ್ಕೆ.

4. ಲಗ್ನಪತ್ರಿಕೆ ಮತ್ತು ತಾಂಬೂಲ

ಮನೆಯಲ್ಲಿ ಯಾರದಾದ್ರೂ ಅಕ್ಷರ ದುಂಡಗೆ ಇದ್ದೇ ಇರುತ್ತೆ. ಅವರ ಕೈಲಿ ಒಂದೇ ಹಾಳೆಯಲ್ಲಿ ಬರೆಸಿ, ಜೆರಾಕ್ಸ್ ಮಾಡಿಸಿ, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ. ರಾಯದುರ್ಗದ ಕಡೆ ನೆಂಟರಿದ್ರೆ ಹಿಂಬದಿಗೆ ತೆಲುಗಿನಲ್ಲಿ. ದೂರದವರಿಗೆ ಅದೇ ಹಾಳೆಯ ಫೋಟೋ ವಾಟ್ಸಾಪಿನಲ್ಲಿ.

ತಾಂಬೂಲಕ್ಕೆ ಪ್ಲಾಸ್ಟಿಕ್ ಬುಟ್ಟಿ, ಸ್ಟೀಲ್ ಡಬ್ಬಿ ಬೇಡ. ಎಣ್ಣೆ ಮಿಲ್ಲುಗಳಿಂದ ಹೆಸರಾದ ಊರು ನಮ್ಮದು, ಬೆಲ್ಲ ಶೇಂಗಾದ ಉಂಡೆಗಿಂತ ಬೇರೆ ಗುರುತು ಬೇಕಾ? ಬ್ಲೌಸ್ ಪೀಸ್ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲದಲ್ಲಿ ಎಲೆ, ಅಡಿಕೆ, ಎರಡು ಶೇಂಗಾ ಉಂಡೆ.

5. ಊಟ

ದೊಡ್ಡ ಉಳಿತಾಯ ಇರೋದೇ ಇಲ್ಲಿ. ಎಲೆಗೆ 200 ರೂಪಾಯಿ ಅಂತಿಟ್ಕೊಂಡ್ರೆ 1500 ಜನಕ್ಕೆ 3 ಲಕ್ಷ, 500 ಜನಕ್ಕೆ 1 ಲಕ್ಷ. ಹೂವಿನಲ್ಲಿ, ಪತ್ರಿಕೆಯಲ್ಲಿ ಎಷ್ಟೇ ಜಾಣತನ ಮಾಡಿದ್ರೂ ಈ 2 ಲಕ್ಷ ಉಳಿಯಲ್ಲ. ಹಾಗಾಗಿ ಕೈಕೆಲಸಕ್ಕಿಂತ ಮೊದಲು ಕರೆಯೋರ ಪಟ್ಟಿ ತಿದ್ದಿ. ಮೆನುವಿನಲ್ಲಿ ಇಪ್ಪತ್ತು ಐಟಂ ಬದಲು ಹತ್ತು: ಶೇಂಗಾ ಹೋಳಿಗೆ, ರೊಟ್ಟಿ, ಎಣ್ಣೆಗಾಯಿ, ಚಟ್ನಿಪುಡಿ, ಅನ್ನ ಸಾರು, ಮಜ್ಜಿಗೆ. ಸಂಜೆ ಬಂದವರಿಗೆ ಮಂಡಕ್ಕಿ ಮೆಣಸಿನಕಾಯಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ಸರ್ಕಾರ 2024ರಲ್ಲಿ ನಿಷೇಧಿಸಿದೆ. ಬಣ್ಣವೇ ಇಲ್ಲದ ಮೇಲೆ ಅದರಲ್ಲಿ ಸ್ಟೈಲೇನು ಉಳೀತು ಹೇಳಿ!

ಇದೆಲ್ಲ ಬರೆಯೋದು ಸುಲಭ. ಇನ್ನು ಕಷ್ಟದ ಮಾತಿಗೆ ಬರ್ತೀನಿ.

ನಮ್ಮ ಕಡೆ ಹೆಣ್ಣು ನೋಡೋ ಶಾಸ್ತ್ರ ಮುಗಿದ ಮೇಲೆ ಗಂಡಿನ ಕಡೆಯವರು ಬಹಳ ದೊಡ್ಡ ಮನಸ್ಸು ಮಾಡಿದವರ ಥರ ಒಂದು ಮಾತು ಹೇಳ್ತಾರೆ: "ನಮಗೆ ವರದಕ್ಷಿಣೆ ಏನೂ ಬೇಡ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ." ನನ್ನ ಪ್ರಕಾರ ಇಡೀ ಮದುವೆಯಲ್ಲಿ ಅತಿ ದುಬಾರಿ ಐಟಂ ಈ ವಾಕ್ಯ. ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ. ಅಂದಿನಿಂದ ಕೇಳೋ ರೀತಿ ಬದಲಾಗಿದೆ, ಕೇಳೋದು ನಿಂತಿಲ್ಲ. "ಚೆನ್ನಾಗಿ" ಅನ್ನೋ ಪದಕ್ಕೆ ಮಿತಿ ಎಲ್ಲಿದೆ? ಅವರ ಕಡೆಯ ಎಂಟುನೂರು ಜನಕ್ಕೆ ಊಟ, ಬಸ್ಸು, ರೂಮು.. ಎಲ್ಲವೂ "ಚೆನ್ನಾಗಿ"ಯೊಳಗೇ ಬರುತ್ತೆ. ಈ ಮಾತು ಇರೋವರೆಗೆ ಹುಡುಗಿಯ ಮನೆಯವರು ಎಷ್ಟು ಹೂವು ಕಟ್ಟಿದ್ರೂ ಲಾಭ ಇಲ್ಲ.

ಆದ್ದರಿಂದ ಕಡಿಮೆ ಖರ್ಚಿನ ಮದುವೆಯ ಮೊದಲ ಕೈಕೆಲಸ ತೋರಣ ಅಲ್ಲ, ಒಂದು ನೋಟ್‌ಬುಕ್ಕು. ಎರಡೂ ಮನೆಯವರು ಒಟ್ಟಿಗೆ ಕೂತು ಅದರಲ್ಲಿ ಒಂದೇ ಲೆಕ್ಕ ಬರೀಬೇಕು, ಖರ್ಚು ಅರ್ಧರ್ಧ. ಹೂವು ಕಟ್ಟೋಕೆ ಗಂಡಿನ ಕಡೆ ಹುಡುಗರೂ ಬರಬೇಕು. ಇಲ್ಲದಿದ್ರೆ "ನಾವೇ ಮಾಡ್ಕೊಂಡ್ವಿ" ಅನ್ನೋದರ ಅರ್ಥ ಹುಡುಗಿಯ ಅಮ್ಮ, ಚಿಕ್ಕಮ್ಮಂದಿರು ನಾಲ್ಕು ದಿನ ನಿದ್ದೆಗೆಟ್ರು ಅಂತ ಅಷ್ಟೇ. ಮುಯ್ಯಾಳು ಅಂದ್ರೆ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹೊಲಕ್ಕೆ ಗೊತ್ತಿರೋ ಈ ನ್ಯಾಯ ಛತ್ರಕ್ಕೆ ಯಾಕೆ ಬರಬಾರದು?

"ಜನ ಏನಂತಾರೆ?" ಅನ್ನೋರಿಗೆ ಒಂದು ಉದಾಹರಣೆ. 1966ರಲ್ಲಿ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮದುವೆಯಾಗಿದ್ದು ಆಡಂಬರವಿಲ್ಲದ ಮಂತ್ರಮಾಂಗಲ್ಯದ ರೀತಿಯಲ್ಲಿ. ಆಗಲೇ ನಾಡಿಗೆಲ್ಲ ಹೆಸರಾಗಿದ್ದ ಕವಿ, ಕುಲಪತಿಯಾಗಿದ್ದವರು. ಬೇಕಿದ್ರೆ ಸಾವಿರಾರು ಜನ ಸೇರಿಸಬಹುದಿತ್ತು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೀತಿದೆ. ಸರಳ ಮದುವೆ ಆದವರ ಸಂಸಾರ ಅದರಿಂದ ಕೆಟ್ಟಿದ್ದನ್ನ ಯಾರಾದ್ರೂ ಕಂಡಿದ್ದೀರಾ?

ಇನ್ನೂ ಹಳೇ ಮಾತು ಬೇಕಾ? ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಕಿರುಶಾಸನಗಳಿವೆ, ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಅವುಗಳಲ್ಲಿ ಮದುವೆ ವಿಚಾರ ಇಲ್ಲ. ಆದರೆ ಪಕ್ಕದ ಆಂಧ್ರದ ಎರ್ರಗುಡಿಯಲ್ಲಿ ಅವನ ದೊಡ್ಡ ಶಾಸನಗಳೂ ಇವೆ. ಅದರ ಒಂಬತ್ತನೆಯದರಲ್ಲಿ ಅಶೋಕ ಹೇಳೋದು ಇದನ್ನೇ: ಮಕ್ಕಳ ಮದುವೆ, ಹುಟ್ಟು, ಪ್ರಯಾಣ ಅಂತ ಜನ ಏನೇನೋ ಆಚರಣೆ ಮಾಡ್ತಾರೆ, ಮಾಡಲಿ, ಆದರೆ ಅದರ ಫಲ ಕಮ್ಮಿ. ನಿಜವಾದ ಫಲ ಕೊಡೋ ಆಚರಣೆ ಅಂದ್ರೆ ಆಳುಕಾಳುಗಳ ಜೊತೆ ಸರಿಯಾಗಿ ನಡೆದುಕೊಳ್ಳೋದು, ಹಿರಿಯರಿಗೆ ಗೌರವ ಕೊಡೋದು. ಎರಡು ಸಾವಿರ ವರ್ಷಕ್ಕೂ ಹಿಂದೆ! ಮದುವೆಮನೆಯಲ್ಲಿ ಬಡಿಸೋರು, ಪಾತ್ರೆ ತೊಳೆಯೋರು, ಸೀರೆ ನೇಯೋರು ಇವರೆಲ್ಲರಿಗೂ ಇದು ಅನ್ವಯಿಸುತ್ತೆ ಅಂತ ನನಗನ್ನಿಸುತ್ತೆ.

ಅದಕ್ಕೇ ಕೊನೆಯದಾಗಿ ಒಂದು ಮಾತು. ಖರ್ಚು ಕಡಿಮೆ ಮಾಡಿ ಅಂದೆ ಅಂತ ನೇಕಾರರ ಹತ್ತಿರ, ಹೂ ಮಾರೋ ಅಜ್ಜಿಯ ಹತ್ತಿರ, ಅಡುಗೆಯವರ ಹತ್ತಿರ ಚೌಕಾಸಿಗೆ ಕೂರಬೇಡಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಅನ್ನೋ ಮಾತು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಬೇರೆಯವರ ದುಡಿಮೆಯಲ್ಲಿ ಉಳಿಸಿದ ದುಡ್ಡು ಉಳಿತಾಯ ಅಲ್ಲ. ಉಳಿಸೋದಾದ್ರೆ ಫ್ಲೆಕ್ಸಿನಲ್ಲಿ, ಡ್ರೋನಿನಲ್ಲಿ, ಮುಖ ಪರಿಚಯವೂ ಇಲ್ಲದ ಸಾವಿರ ಎಲೆಗಳಲ್ಲಿ ಉಳಿಸಿ.

ಈ ಸಲ ನಿಮ್ಮ ಮನೆಯಲ್ಲಿ ಮದುವೆ ಇದ್ರೆ ಆ ನೋಟ್‌ಬುಕ್ಕನ್ನ ಇವತ್ತೇ ತನ್ನಿ. ಮಾರನೇ ದಿನ ಒಂದು ಸೀರೆ ಉಳೀಲಿ, ಒಂದು ಕಂಬಳಿ ಉಳೀಲಿ, ಒಂದಿಷ್ಟು ಒಳ್ಳೆ ಫೋಟೋ ಉಳೀಲಿ. ಸಾಲ ಮಾತ್ರ ಉಳೀಬಾರದು. ಇದಕ್ಕಿಂತ ದೊಡ್ಡ ಸ್ಟೈಲು ನಂಗಂತೂ ಗೊತ್ತಿಲ್ಲ.